ಕೆಂಪುಗಣ್ಣಿನ ಸೊಳ್ಳೆ ಸಾಕಿದ ಹಣಮಂತಮ್ಮ

ಸುರಪುರದ ಸಂತೆಯಲ್ಲಿ ಒಂದು ಬೆಳಿಗ್ಗೆ ಹಣಮಂತಮ್ಮನ ಒಣಮೀನಿನ ಬುಟ್ಟಿಯ ಮುಂದೆ ಕನ್ನಡಕದ ಹೆಣ್ಣುಮಗಳೊಬ್ಬಳು ಬಂದು ಕುಕ್ಕರುಗಾಲಲ್ಲಿ ಕುಳಿತಳು. ಒಂದು ಮೀನು ಎತ್ತಿ ಮೂಸಿದಳು, ಮುರಿದಳು, ಬೆರಳ ನಡುವೆ ತಿಕ್ಕಿ ಪುಡಿ ಮಾಡಿ ನೋಡಿದಳು. ಕೊಳ್ಳುವವರು ಯಾರೂ ಹಾಗೆ ನೋಡುವುದಿಲ್ಲ.

"ಇದಕ್ಕ ಉಪ್ಪು ಹಚ್ಚಿಲ್ಲೇನ್ರಿ?"

"ಇಲ್ರಿ ಬಾಯಿ, ಬರೇ ಬಿಸಲಾಗ ಒಣಗ್ಸಿದ್ದು. ಸಾರು ಮಾಡೋರಿದ್ರ ಆಕಡೀದು ಒಯ್ರಿ, ಉಪ್ಪಿಂದು. ರುಚಿ ಹತ್ತತದ."

"ನಮಗಲ್ರಿ ಅಕ್ಕಾರ. ಸೊಳ್ಳಿ ಮರಿಗೋಳಿಗಿ."

ಹಣಮಂತಮ್ಮ ತಾನು ಕೇಳಿದ್ದು ಸರಿಯೋ ತಪ್ಪೋ ಎಂದು ಅವಳ ಮುಖ ನೋಡಿದಳು. ಆಮೇಲೆ ನಗು ಬಂತು. ಅವಳ ನಗು ಸಣ್ಣದಲ್ಲ. ಶುರುವಾದರೆ ಹೊಟ್ಟೆ ಹಿಡಿದುಕೊಂಡು ಪಕ್ಕದವರ ಬುಟ್ಟಿಗೆ ಒರಗುವ ನಗು. "ಯವ್ವಾ! ನಾವು ಹೊಗಿ ಹಾಕಿ ಓಡಸ್ತೀವಿ, ನೀವು ಮೀನ ಹಾಕಿ ಸಾಕಾಕತ್ತೀರಿ?" ಎಂದಳು. ಉಳ್ಳಾಗಡ್ಡಿ ಮಾರುವವಳೂ ನಕ್ಕಳು. ಕನ್ನಡಕದವಳು ಬೇಜಾರು ಮಾಡಿಕೊಳ್ಳಲಿಲ್ಲ. "ಸಾಕಾಕತ್ತೀವ್ರಿ. ಪಟ್ಟಣದಿಂದ ಬರೋ ತಿನಿಸು ಈ ವಾರ ಬಂದಿಲ್ಲ, ಮರಿಗೋಳು ಉಪವಾಸ ಅದಾವ. ಬಂದು ನೋಡ್ರಿ ಬೇಕಾದ್ರ," ಎಂದಳು.

ಅವಳ ಹೆಸರು ತಸ್ಲೀಮಾ. ಕಲಬುರಗಿಯವಳು, ಕೀಟಗಳ ಬಗ್ಗೆ ಓದಿದವಳು. ಸುರಪುರದ ಗುಡ್ಡದ ಮಗ್ಗುಲಲ್ಲಿ ಒಂದು ಸಂಶೋಧನಾ ಸಂಸ್ಥೆಯವರು ಹಳೆಯ ಕಟ್ಟಡವೊಂದನ್ನು ಹಿಡಿದು ಸೊಳ್ಳೆ ಸಾಕುತ್ತಿದ್ದರು. ಆ ಕೆಲಸ ಅವಳ ಉಸ್ತುವಾರಿಯಲ್ಲಿತ್ತು. ಊರಿನವರು ಅದನ್ನು 'ಸೊಳ್ಳಿ ಮನಿ' ಎನ್ನುತ್ತಿದ್ದರು.

ಹಣಮಂತಮ್ಮ ಸಂತೆ ಮುಗಿಸಿಕೊಂಡು ಅಲ್ಲಿಗೆ ಹೋದದ್ದು ಬರೀ ತಮಾಷೆಗೆ ಎಂದು ಹೇಳಿದರೆ ಅರ್ಧ ಸತ್ಯವಾದೀತು. ಚಳಿಜ್ವರ ಅವಳಿಗೆ ಹಳೆಯ ವೈರಿ. ಕೃಷ್ಣೆಯ ದಂಡೆಯ ಊರಿಗೆ ಸೊಸೆಯಾಗಿ ಬಂದ ವರ್ಷದಿಂದಲೂ ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಅದು ಮನೆ ಹುಡುಕಿಕೊಂಡು ಬರುತ್ತಿತ್ತು. ಮಗಳು ಉಮಾ ಹೊಟ್ಟೆಯಲ್ಲಿದ್ದಾಗ ಬಂದ ಜ್ವರ ತಲೆಗೇರಿ, ಅವಳಿಗೆ ಗಂಡನ ಗುರುತೂ ಸಿಗದಂತಾಗಿತ್ತು. ಗಂಡ ಅಯ್ಯಣ್ಣ ಮೀನು ಹಿಡಿಯುವವನು. ತನ್ನ ಹರಗೋಲಿನಲ್ಲಿ ಅವಳನ್ನು ಮಲಗಿಸಿಕೊಂಡು ಹೊಳೆ ದಾಟಿಸಿ, ಆಚೆ ದಂಡೆಯಿಂದ ಟಂಟಂ ಆಟೋದಲ್ಲಿ ರಾಯಚೂರಿಗೆ ಒಯ್ದು ಎರಡು ಜೀವ ಉಳಿಸಿಕೊಂಡಿದ್ದ. ಆ ದಿನದ ಬಗ್ಗೆ ಅಯ್ಯಣ್ಣ ಮಾತಾಡುವುದಿಲ್ಲ. ಹಣಮಂತಮ್ಮನಿಗೆ ನೆನಪಿರುವುದು ಇಷ್ಟೇ: ಮೇಲೆ ಆಕಾಶ ಗರಗರ ತಿರುಗುತ್ತಿತ್ತು.

ಸೊಳ್ಳೆ ಮನೆಗೆ ಎರಡು ಬಾಗಿಲು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆಗೆಯಬೇಕು. ಒಳಗೆ ಬೆಚ್ಚಗೆ, ತೇವ. ಸಾಲಾಗಿ ಬಿಳಿ ತಟ್ಟೆಗಳಲ್ಲಿ ನೀರು, ನೀರಿನಲ್ಲಿ ಕೊಂಕುತ್ತ ಕುಣಿಯುವ ಮರಿಗಳು. ತಸ್ಲೀಮಾ ಮೀನಿನ ಪುಡಿಯನ್ನು ಚಿಟಿಕೆಯಲ್ಲಿ ಉದುರಿಸಿದ್ದೇ ತಡ, ಅವೆಲ್ಲ ಮೇಲಕ್ಕೆ ಬಂದು ಮುತ್ತಿಕೊಂಡವು.

"ನಿಮ್ಮ ಮನ್ಯಾಗ ಯಾರಿಗಾರ ಬೆಕ್ಕಿನ ಕಣ್ಣ ಅದಾವೇನ್ರಿ ಅಕ್ಕಾರ?" ಎಂದು ತಸ್ಲೀಮಾ ಕೇಳಿದಳು.

"ನಮ್ಮತ್ತಿಗಿ ಇದ್ದುವ್ರಿ. ನಾದಿನಿಗಿ ಬಂದಾವ. ನಮ್ಮ ಮನಿಯವರಿಗಿ ಬರ್ಲಿಲ್ಲ."

"ನೋಡ್ರಿ, ಹಂಗ. ಒಬ್ಬರಿಗಿ ಬರತದ, ಒಬ್ಬರಿಗಿ ಬಿಡತದ. ನಾವು ಒಂದು ಜಾತಿ ಸೊಳ್ಳಿಯೊಳಗ ಒಂದು ಗುಣ ಸೇರಿಸೇವಿ. ಅದು ಬಿಟ್ಟು ಹೋಗಂಗಿಲ್ಲ. ಅವ್ವಗಿರಲಿ ಅಪ್ಪಗಿರಲಿ, ಮಕ್ಕಳು ಮೊಮ್ಮಕ್ಕಳು ಹೆಚ್ಚುಕಮ್ಮಿ ಎಲ್ಲಾಕ್ಕೂ ಬರತದ."

"ಏನು ಗುಣರಿ ಅದು?"

"ಮಲೇರಿಯಾದ ಹುಳ ಅದರ ಹೊಟ್ಯಾಗ ಬೆಳಿಯಂಗಿಲ್ಲ. ಕಚ್ಚತದ, ತುರಸತದ. ಚಳಿಜ್ವರ ಮಾತ್ರ ಕೊಡಂಗಿಲ್ಲ."

ಹಣಮಂತಮ್ಮ ತಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. "ಮತ್ತ ಇವನ್ನ ಯಾವಾಗ ಹೊರಗ ಬಿಡ್ತೀರಿ?"

"ಈಗಲ್ರಿ. ಇಲ್ಲಿ ಪಂಜರದಾಗ ಪರೀಕ್ಷಾ ನಡದದ. ಸರಕಾರ ಒಪ್ಪಬೇಕು, ಊರ ಮಂದಿ ಒಪ್ಪಬೇಕು. ವರ್ಷಗಟ್ಟಲೆ ಹಿಡಿತದ. ಅಲ್ಲೀತನಕ ಪರದೆ ಕಟ್ಟಿಕೊಂಡೇ ಮಲಗ್ರಿ."

ಮುಂದಿನ ಸಂತೆಗೆ ಒಣಮೀನು ಒಯ್ಯಲು ತಸ್ಲೀಮಾ ಬರಬೇಕಾಗಲಿಲ್ಲ. ಹಣಮಂತಮ್ಮನೇ ಪುಡಿ ಮಾಡಿ, ಜರಡಿ ಹಿಡಿದು ತಂದುಕೊಟ್ಟಳು. ಅದಾದ ಸ್ವಲ್ಪ ದಿನಕ್ಕೆ ಅಲ್ಲಿಯೇ ಕೆಲಸಕ್ಕೆ ನಿಂತಳು. ಮರಿಗಳಿಗೆ ತಿನಿಸು ಹಾಕುವುದು, ನೀರು ಬದಲಿಸುವುದು, ಬೆಳೆದು ಕೋಶವಾದ ಮರಿಗಳನ್ನು ಭೂತಗನ್ನಡಿಯ ಕೆಳಗಿಟ್ಟು ಗಂಡು ಹೆಣ್ಣು ಬೇರೆ ಮಾಡುವುದು. ಮೊದಮೊದಲು ತಪ್ಪಿದಳು. ಗಂಡೆಂದು ಹಾಕಿದ ಪಂಜರದಲ್ಲಿ ಹೆಣ್ಣು ಸಿಕ್ಕಿ ತಸ್ಲೀಮಾ ತಲೆ ಚಚ್ಚಿಕೊಂಡದ್ದೂ ಉಂಟು. ತಪ್ಪಿದಾಗಲೂ ನಕ್ಕಳು, ಸರಿಯಾದಾಗಲೂ ನಕ್ಕಳು. ಮನೆಗೆ ಬಂದು ಅಯ್ಯಣ್ಣನಿಗೆ, "ಗಂಡು ಸೊಳ್ಳಿ ಕಚ್ಚಂಗೇ ಇಲ್ಲಂತ್ರಿ. ಬರೇ ಸಕ್ಕರಿ ನೀರು ಕುಡೀತದ, ಗುಂಯ್ ಅಂತದ, ಹೆಂಡ್ತಿ ಹಿಂದ ತಿರಗತದ," ಎಂದು ಹೇಳಿದಳು. ಅಯ್ಯಣ್ಣ ಬಲೆ ಹೊಲಿಯುತ್ತಲೇ, "ನನಗ ಯಾಕ ಹೇಳ್ತಿ ಅದನ್ನ?" ಎಂದ.

ಊರು ಸುಮ್ಮನಿರುತ್ತದೆಯೇ? ಅವಳಿಗೆ 'ಸೊಳ್ಳೆವ್ವ' ಎಂದು ಹೆಸರು ಬಿತ್ತು. ಕರೆದರೆ ಓ ಎನ್ನುತ್ತಿದ್ದಳು.

ಈ ನಡುವೆ ಉಮಾ ನರ್ಸಿಂಗ್ ಮುಗಿಸಿ ಶಹಾಪುರದ ದವಾಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಕಕ್ಕೇರಾದಿಂದ ಅವಳಿಗೆ ಒಂದು ಸಂಬಂಧ ಬಂತು. ಹುಡುಗ ದೇವಿಂದ್ರ, ಕರೆಂಟಿನ ಲೈನ್‌ಮನ್. ನೋಡಲು ಬಂದ ದಿನ ಇವರ ಮನೆಯ ಫ್ಯಾನು ನಿಂತುಹೋಗಿತ್ತು. ಹುಡುಗ ಚಹಾದ ಕಪ್ಪು-ಬಸಿ ಕೆಳಗಿಟ್ಟು, ಸ್ಟೂಲು ಹತ್ತಿ ಅದನ್ನು ಸರಿಮಾಡಿ, ಗಾಳಿ ಬಂದಮೇಲೆ ಮತ್ತೆ ಬಸಿ ಎತ್ತಿಕೊಂಡಿದ್ದ. ಉಮಾ ಬಾಗಿಲ ಹಿಂದೆ ನಿಂತು ನೋಡಿದಳು. ಅವಳ ಉತ್ತರವನ್ನು ಯಾರೂ ಕೇಳಬೇಕಾಗಿರಲಿಲ್ಲ.

ಆದರೆ ವಾರ ಕಳೆಯುವುದರೊಳಗೆ ಹುಡುಗನ ತಾಯಿ ಮಲ್ಲಾಬಾಯಿಯ ಫೋನು ಬಂತು. ಸುತ್ತುಬಳಸಿ ಮಾತಾಡುವ ಹೆಂಗಸಲ್ಲ ಅವಳು.

"ಹುಡುಗಿ ನಮಗ ಮನಸಿಗಿ ಬಂದಾಳ. ಆದ್ರ ನೀವು ಸೊಳ್ಳಿ ಸಾಕ್ತೀರಂತ ಇಲ್ಲಿ ಮಂದಿ ಬಾಯಿಗಿ ಬಂದಂಗ ಮಾತಾಡಾಕತ್ಯಾರ. ಆ ಮನಿ ಹೆಣ್ಣ ತಂದ್ರ ಜ್ವರ ತಂದಂಗ ಅಂತಾರ. ಆ ಕೆಲಸ ಬಿಟ್ಟಬಿಡ್ರಿ. ನಿಶ್ಚಯ ಮಾಡೋಣು."

ಹಣಮಂತಮ್ಮ ಫೋನಿಟ್ಟು ಕಟ್ಟೆಯ ಮೇಲೆ ಕುಳಿತಳು. ಅವತ್ತು ಅವಳ ನಗು ಯಾರಿಗೂ ಕೇಳಿಸಲಿಲ್ಲ. "ಬಿಡ್ತೀನಿ," ಎಂದಳು ಕೊನೆಗೆ. "ಮಗಳಿಗಿಂತ ಹೆಚ್ಚಿಂದೇನೈತಿ?"

ಉಮಾ ರೇಗಿದಳು. "ಯವ್ವಾ, ನನ್ನ ಹೆಸರ ಮ್ಯಾಲ ಬಿಡಬ್ಯಾಡ. ನಾನು ಜ್ವರದವರನ್ನ ಮುಟ್ಟಿ ಕೆಲಸ ಮಾಡಾಕಿ. ನಾಳಿ ಅದನ್ನೂ ಬಿಡು ಅಂತಾರ."

ಬಲೆ ಮಡಚಿಡುತ್ತಿದ್ದ ಅಯ್ಯಣ್ಣ ಬಾಯಿ ಬಿಟ್ಟ. "ಬಿಡೋದು ಹಿಡಿಯೋದು ಆಮ್ಯಾಗ. ಆ ಹೆಣ್ಣಮಗಳು ಕಣ್ಣೀಲೆ ನೋಡ್ಯಾಳೇನು? ಕರಿ. ನೋಡಿ ಬ್ಯಾಡ ಅಂದ್ರ ನಾನೂ ಬ್ಯಾಡ ಅಂತೀನಿ."

ಹಣಮಂತಮ್ಮ ಮತ್ತೆ ಫೋನು ಎತ್ತಿದಳು. "ಅಕ್ಕಾರ, ಒಮ್ಮಿ ಬಂದು ನೋಡಿ ಹೋಗ್ರಿ. ಆಮ್ಯಾಗ ನೀವು ಹೇಳಿದಂಗ," ಎಂದಳು. ಮಲ್ಲಾಬಾಯಿ, "ಬರ್ತೀನಿ. ನಾನೇನು ಅಂಜಾಕಿ ಅಲ್ಲ," ಎಂದಳು.

ತಸ್ಲೀಮಾ ಮೇಲಿನವರನ್ನು ಕೇಳಿ ಒಪ್ಪಿಗೆ ತಂದಳು. ಮಲ್ಲಾಬಾಯಿ ಮಗನ ಮೋಟರ್‌ಸೈಕಲ್ಲಿನ ಹಿಂದೆ ಕುಳಿತು ಬಂದಳು. ಇಳಕಲ್ ಸೀರೆ, ಹಣೆತುಂಬ ಕುಂಕುಮ. ಬಿಳಿ ಕೋಟು ಹಾಕಿಕೊಳ್ಳಿ ಎಂದಾಗ ಸೆರಗನ್ನು ಎಲ್ಲಿ ತುರುಕಬೇಕೆಂದು ತಿಳಿಯದೆ ಹಣಮಂತಮ್ಮನ ಮುಖ ನೋಡಿದಳು. ಹಣಮಂತಮ್ಮ ತಾನೇ ಮಡಚಿ ಒಳಸೇರಿಸಿ ಗುಂಡಿ ಹಾಕಿದಳು. ಎರಡನೇ ಬಾಗಿಲು ತೆಗೆಯುವ ಮುಂಚೆ ಮಲ್ಲಾಬಾಯಿ ಅವಳ ಕೈ ಹಿಡಿದುಕೊಂಡಳು.

"ನಮ್ಮ ತಂಗಿ ಈ ಜ್ವರದಾಗೇ ಹೋದಳವ್ವ," ಎಂದಳು, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ. "ಅದಕ್ಕ ಅಂದೆ. ಮಂದಿ ಮಾತಿಗಲ್ಲ."

ಹಣಮಂತಮ್ಮ ಹರಗೋಲಿನ ಕಥೆ ಹೇಳಿದಳು. ಬಾಗಿಲ ಮುಂದೆಯೇ ನಿಂತು ಇಬ್ಬರೂ ಕಣ್ಣು ಒರೆಸಿಕೊಂಡರು. ಆಮೇಲೆ ಒಳಗೆ ಹೋದರು.

ಊರಿನ ಸಾದಾ ಗಂಡು ಸೊಳ್ಳೆಗಳ ಪಂಜರವೊಂದು ಅಲ್ಲಿತ್ತು. ಹಣಮಂತಮ್ಮ ಪಂಜರದ ಬಾಯಿಗೆ ಹೊಲಿದ ಬಟ್ಟೆಯ ತೋಳಿನೊಳಗಿಂದ ಅದರಲ್ಲಿ ಕೈ ಇಟ್ಟಳು. ಸೊಳ್ಳೆಗಳು ಎದ್ದು ಸುತ್ತಿದವು, ಕೆಲವು ಬಂದು ಕೂತವು, ಮತ್ತೆ ಹಾರಿದವು. ಮಲ್ಲಾಬಾಯಿ ತನ್ನ ಬಳೆಗಳನ್ನು ಮೊಳಕೈಗೆ ಏರಿಸಿ, "ಸರಿ ಈಕಡಿ," ಎಂದು ತಾನೂ ಕೈ ಹಾಕಿದಳು. ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಒಂದು ಕಣ್ಣು ತೆರೆದಳು. ಇನ್ನೊಂದು ತೆರೆದಳು.

"ಎಲಾ! ಒಂದಾರ ಕಚ್ಚವಲ್ದು ನೋಡು!"

"ಗಂಡಸೂರ್ರಿ ಅವು," ಎಂದಳು ಹಣಮಂತಮ್ಮ.

"ಹೌದಲಾ! ನಮ್ಮ ಮನಿ ಗಂಡಸೂರಂಗೇ. ಬರೇ ಗುಂಯ್ಗುಡೋದು, ಕೆಲಸಿಲ್ಲ ಬೊಗಸಿಲ್ಲ!"

ದೇವಿಂದ್ರ ಹೊರಗಿನ ಗಾಜಿನಾಚೆ ನಿಂತು, ಅವ್ವ ಯಾಕೆ ತನ್ನ ಕಡೆ ಬೆರಳು ಮಾಡಿ ನಗುತ್ತಿದ್ದಾಳೆಂದು ತಿಳಿಯದೆ ತಾನೂ ನಕ್ಕ.

ಅದೇ ದಿನ ದೊಡ್ಡ ಪಂಜರದ ಫಲಿತಾಂಶ ನೋಡುವ ದಿನವೂ ಆಗಿತ್ತು. ಆ ಪಂಜರದಲ್ಲಿ ಶುರುವಿಗೆ ಸಾದಾ ಸೊಳ್ಳೆಗಳೇ ಬಹಳ, ಹೊಸ ಗುಣದವು ಕೆಲವೇ. ತಲೆಮಾರಿನ ಮೇಲೆ ತಲೆಮಾರು ಅವು ಬೆರೆಯುತ್ತ ಬಂದಿದ್ದವು. ಹೊಸ ಗುಣ ಬಂದ ಮರಿ ಯಾವುದೆಂದು ತಿಳಿಯಲು ಅದರ ಜೊತೆಗೆ ಒಂದು ಗುರುತನ್ನೂ ಸೇರಿಸಿದ್ದರು. ವಿಶೇಷ ಬೆಳಕಿನಲ್ಲಿ ನೋಡಿದರೆ ಆ ಮರಿಯ ಕಣ್ಣು ಕೆಂಪಗೆ ಹೊಳೆಯುತ್ತದೆ. ತಸ್ಲೀಮಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತಟ್ಟೆಗಳನ್ನು ಒಂದೊಂದಾಗಿ ಸರಿಸುತ್ತ ಹೋದಳು. ಮತ್ತೊಮ್ಮೆ ಮೊದಲಿನಿಂದ ನೋಡಿದಳು. ಆಮೇಲೆ ಕುರ್ಚಿಯಿಂದ ಎದ್ದವಳೇ ಹಣಮಂತಮ್ಮನನ್ನು ಅಪ್ಪಿಕೊಂಡು ಎಳೆದಾಡಿಬಿಟ್ಟಳು.

"ಬಂದಾವ ಅಕ್ಕಾರ! ಹೆಚ್ಚುಕಮ್ಮಿ ಎಲ್ಲಾಕ್ಕೂ ಬಂದಾವ!"

ಹಣಮಂತಮ್ಮ ನೋಡಿದಳು. ಕತ್ತಲೆಯಲ್ಲಿ ಕೆಂಪು ಜೋಡಿಚುಕ್ಕೆಗಳು, ಕುಂಕುಮ ಉದುರಿಸಿದ ಹಾಗೆ, ಕುಣಿಯುತ್ತಿದ್ದವು. ತಾನು ಉಣಿಸಿ ಬೆಳೆಸಿದ ಮರಿಗಳು. ಅವಳು ಮಲ್ಲಾಬಾಯಿಯನ್ನು ಹಿಡಿದು ಕುರ್ಚಿಯಲ್ಲಿ ಕೂಡಿಸಿದಳು. ಮಲ್ಲಾಬಾಯಿ ನೋಡಿ, ನಿಧಾನವಾಗಿ ತಲೆ ಎತ್ತಿದಳು.

"ಇಷ್ಟು ದಿನ ಆಗದ್ದು ನಾನು ಬಂದ ದಿನಾ ಆಯ್ತೇನು?"

"ಹೌದ್ರಿ," ಎಂದಳು ತಸ್ಲೀಮಾ.

"ಹಂಗಾದ್ರ ಇದು ನನ್ನ ಕಾಲ್ಗುಣ," ಎಂದು ಮಲ್ಲಾಬಾಯಿ ತೀರ್ಮಾನಿಸಿದಳು. ಪಂಜರ, ತಲೆಮಾರು, ವಂಶವಾಹಿ ಎಂದು ವಿವರಿಸಲು ಹೊರಟ ತಸ್ಲೀಮಾ ಅವಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿ, "ಹೌದ್ರಿ, ಅದೂ ಇರಬಹುದು," ಎಂದಳು.

ಹೊರಗೆ ಬಂದು ಕೋಟು ಕಳಚಿ, ಸೆರಗು ಸರಿಮಾಡಿಕೊಂಡು ಮಲ್ಲಾಬಾಯಿ ಹೇಳಿದಳು: "ಕೆಲಸ ಬಿಟ್ಟಿ ಅಂದ್ರ ನಾನೇ ಜಗಳಾ ತೆಗಿತೀನಿ ಬೀಗತಿ."

ಬೀಗತಿ ಎಂಬ ಆ ಒಂದು ಮಾತಿಗೆ ಹಣಮಂತಮ್ಮನ ನಗು ಮರಳಿ ಬಂತು. ಕಟ್ಟಡದ ಕಾವಲಿನ ಬಾಷುಮಿಯಾ ಏನಾಯಿತೋ ಎಂದು ಓಡಿ ಬಂದ.

ಮದುವೆ ಅಬ್ಬೆತುಮಕೂರಿನ ಮಠದಲ್ಲಾಯಿತು. ತಸ್ಲೀಮಾ ಹಸಿರು ದುಪಟ್ಟಾ ಹಾಕಿಕೊಂಡು ಬಂದು, ಹುಗ್ಗಿ ಎರಡು ಸಲ ಬಡಿಸಿಕೊಂಡಳು. ಅಯ್ಯಣ್ಣ ಅಕ್ಕಿಕಾಳು ಹಾಕುವಾಗ ಕಣ್ಣು ಒರೆಸಿಕೊಂಡ. ಕೇಳಿದವರಿಗೆ ಮಂಟಪದಲ್ಲಿ ಹೊಗೆ ಎಂದ.

ಆ ಮಳೆಗಾಲದಲ್ಲಿ ಸಂಸ್ಥೆಯವರಿಗೆ ಕಕ್ಕೇರಾದ ಮನೆಗಳಿಂದ ಸಾದಾ ಸೊಳ್ಳೆ ಹಿಡಿದು ತರಬೇಕಾಗಿತ್ತು. ಅಲ್ಲಿಯ ಸೊಳ್ಳೆಯ ಗುಣ ಏನು, ಹೊಸದು ಅದರೊಂದಿಗೆ ಹೇಗೆ ಬೆರೆತೀತು ಎಂದು ತಿಳಿಯದೆ ಮುಂದಿನ ಹೆಜ್ಜೆ ಇಡುವಂತಿರಲಿಲ್ಲ. ಅದಕ್ಕೆ ಮನೆಯವರ ಒಪ್ಪಿಗೆ ಬೇಕು. ಹಣಮಂತಮ್ಮ ಓಣಿಗೆ ಇಳಿದಾಗ ಜೊತೆಗೆ ಮಲ್ಲಾಬಾಯಿ. ಪ್ರಶ್ನೆಗಳು ಬಂದವು. ಒಬ್ಬಳು ಮುದುಕಿ, "ನಾಳಿ ಆ ಹೊಸಾ ಸೊಳ್ಳಿ ಬಿಟ್ಟು ಏನಾರ ಹೆಚ್ಚುಕಡಿಮಿ ಆದ್ರ?" ಎಂದು ನೇರವಾಗಿ ಕೇಳಿದಳು.

"ಅದು ನನಗ ಗೊತ್ತಿಲ್ರಿ ಆಯಿ," ಎಂದಳು ಹಣಮಂತಮ್ಮ. "ಅದನ್ನ ನೋಡಾಕೇ ಇನ್ನೂ ಪಂಜರದಾಗ ಇಟ್ಟಾರ. ನೀವು ಬ್ಯಾಡ ಅಂದ್ರ ಬ್ಯಾಡ. ಅವಸರ ಇಲ್ಲ."

ಮುದುಕಿ ಯೋಚಿಸಿದಳು. ಮಲ್ಲಾಬಾಯಿಗೆ ಅಷ್ಟು ತಾಳ್ಮೆ ಎಲ್ಲಿಯದು? ಆಗಲೇ ಮುದುಕಿಯ ನೀರಿನ ಟಾಕಿಯ ಮುಚ್ಚಳ ಎತ್ತಿ ಒಳಗೆ ಬಗ್ಗಿದ್ದಳು.

"ಬಾ ಇಲ್ಲಿ ಬೀಗತಿ, ನೋಡು! ಎಷ್ಟು ಚಂದ ಆಡಾಕತ್ತಾವ!"

"ಚಂದ ಅಲ್ರಿ, ಇವು ಕೆಟ್ಟವು. ಚೆಲ್ಲಬೇಕು," ಎಂದು ಹಣಮಂತಮ್ಮ ಸೆರಗು ಬಿಗಿದಳು. ಮುದುಕಿ ನಗುತ್ತ ಬಕೀಟು ತರಲು ಒಳಗೆ ಹೋದಳು.