ಯಾಕೂಬರ ಅಂಗಡಿಗೆ ಬಿದ್ದ ಸೀಲು

ಉಗಾರ ಬುದ್ರುಕದ ಬಸ್ ಸ್ಟ್ಯಾಂಡ್ ಎದುರು ಯಾಕೂಬ ಮೂವತ್ತೊಂದು ವರ್ಷದಿಂದ ರಿಪೇರಿ ಅಂಗಡಿ ನಡೆಸುತ್ತಿದ್ದಾರೆ. ಮಸೀದಿಯ ಧ್ವನಿವರ್ಧಕದ ಭೋಂಗಾ, ಭಜನಾ ಮಂಡಳಿಯ ಆಂಪ್ಲಿಫೈಯರ್, ಕಬ್ಬಿನ ಹೊಲದ ಪಂಪಿನ ಸ್ಟಾರ್ಟರ್ ಒಂದೇ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿರುತ್ತವೆ. ಕಳೆದ ಜುಲೈನಲ್ಲಿ ಆ ಅಂಗಡಿಗೆ ಸರಕಾರಿ ಸೀಲು ಬಿತ್ತು.

ಕಾರಣ, ಪಕ್ಕದ ಪ್ರವಾಹ ನಿಯಂತ್ರಣ ಕೊಠಡಿಯ ವೈರ್‌ಲೆಸ್. ಲೋ ಬ್ಯಾಂಡಿನ ಹಳೆಯ ಸೆಟ್ಟು. ಮೊಬೈಲ್ ಕೈಕೊಟ್ಟಾಗಲೂ ಅದು ನದಿಯಲ್ಲಿರುವ ದೋಣಿಯವರನ್ನು ಮುಟ್ಟುತ್ತದೆ. ಸುತ್ತಲಿನ ಕರೆಂಟಿನ ಗರಗರವನ್ನೂ ಅಷ್ಟೇ ಶ್ರದ್ಧೆಯಿಂದ ಹಿಡಿಯುತ್ತದೆ. ಆ ವಾರ ಗರಗರವೊಂದೇ ಕೇಳುತ್ತಿತ್ತು. ಊರಿನ ಕರೆಂಟ್ ಹೋದರೆ ನಿಲ್ಲುತ್ತಿತ್ತು. ಸೆಟ್ಟು ನಡೆಯುವುದು ಬ್ಯಾಟರಿಯ ಮೇಲೆ. ಹಾಗಾಗಿ ತೊಂದರೆ ಹೊರಗಿನದೆಂದು ಕೊಠಡಿಯ ಉಸ್ತುವಾರಿ ನೇಮಿನಾಥ ಸರಿಯಾಗಿಯೇ ಊಹಿಸಿದರು; ಅದು ಯಾಕೂಬರ ಅಂಗಡಿಯದೇ ಎಂದು ಸೀಲು ಹಾಕಿಸಿದರು. ಕರೆಂಟ್ ಹೋದರೆ ಯಾಕೂಬರ ಕೆಲಸವೂ ನಿಲ್ಲುತ್ತದೆ ಎಂಬುದು ನೇಮಿನಾಥರ ಸಾಕ್ಷ್ಯ. ಆಗ ಊರಿನ ಗಿರಣಿಯೂ ನಿಲ್ಲುತ್ತದೆಂಬುದು ಕಡತಕ್ಕೆ ಬರಲಿಲ್ಲ.

ಸೀಲು ಬಿದ್ದ ಮೇಲೂ ಗರಗರ ನಿಲ್ಲಲಿಲ್ಲ. ಸೀಲಿನ ಪರಿಣಾಮಕ್ಕಾಗಿ ಕಚೇರಿ ಎರಡು ದಿನ ಕಾಯಿತು.

ಮೂರನೆಯ ದಿನ ಹೆಂಡತಿ ಮದಿನಾಬಿ ಯಾಕೂಬರ ಕೈಗೆ ಟ್ರಾನ್ಸಿಸ್ಟರ್ ರೇಡಿಯೋ ಕೊಟ್ಟರು. "ಮನ್ಯಾಗ ಕುಂತು ನನ್ನ ಮಿಕ್ಸರ್ ಬಿಚ್ಚಬ್ಯಾಡ್ರಿ. ಆ ಸದ್ದು ಎಲ್ಲಿಂದ ಬರಾಕತ್ತೈತಿ, ಹೋಗಿ ಹುಡುಕ್ರಿ."

ಯಾವ ಸ್ಟೇಷನ್ನೂ ಸಿಗದಲ್ಲಿಗೆ ಮುಳ್ಳು ತಿರುಗಿಸಿ, ಗರಗರ ಜೋರಾದ ಕಡೆಗೆ ಯಾಕೂಬ ನಡೆದರು. ನಿಯಂತ್ರಣ ಕೊಠಡಿಯ ಆಂಟೆನಾ ಕಂಬದ ಬುಡದಲ್ಲಿ ಟ್ರಾನ್ಸಿಸ್ಟರ್ ಕಿರುಚಿತು. ಅಂಗಳದಲ್ಲಿ ಅಷ್ಟು ಎತ್ತರದ ಕಂಬ ಬೇರೆ ಇಲ್ಲದ್ದರಿಂದ, ತಪಾಸಣೆಗೆ ಬರಲಿದ್ದ ಮೇಲಧಿಕಾರಿಗಾಗಿ ಎಲ್‌ಇಡಿ ಬೋರ್ಡನ್ನು ವಾರದ ಹಿಂದೆಯೇ ಅದಕ್ಕೇ ಕಟ್ಟಿದ್ದರು. 'ನಿಮ್ಮ ಸುರಕ್ಷತೆಯೇ ನಮ್ಮ ಕರ್ತವ್ಯ. ಸಾಹೇಬರಿಗೆ ಸ್ವಾಗತ' ಎಂಬ ಅಕ್ಷರಗಳು ಓಡುತ್ತಿದ್ದವು.

ಯಾಕೂಬ ಒಳಗಿದ್ದ ನೇಮಿನಾಥರಿಗೆ ಕೂಗಿ ಹೇಳಿದರು: "ಇದನ್ನೊಂದ ಸಲ ಬಂದ್ ಮಾಡ್ರಿ ಸಾಹೇಬ್ರ."

ಬೋರ್ಡು ಆರಿತು. ಒಳಗಿನ ಸೆಟ್ಟು ಸ್ಪಷ್ಟವಾಗಿ ಮಾತಾಡಿತು: "ಹಲೋ, ದೋಣಿಯಿಂದ ಮಾತಾಡಾಕತ್ತೇವ್ರಿ. ವಾರಾತು ಒದರಾಕತ್ತು. ಅಲ್ಲಿ ಯಾರರ ಅದೀರೇನು?"

ನೇಮಿನಾಥ ದೋಣಿಯವರಿಗೆ ಉತ್ತರಿಸಿ ಹೊರಗೆ ಬಂದರು. "ಬಂದ್ ಇಡಾಕ ಬರಂಗಿಲ್ಲ, ಯಾಕೂಬಣ್ಣ. ನಾಳೆ ಸಾಹೇಬ್ರು ಬರ್ತಾರ. ಬೋರ್ಡೂ ಹತ್ತಬೇಕು, ಸೆಟ್ಟೂ ಮಾತಾಡಬೇಕು. ಏನರ ಮಾಡ್ರಿ."

"ಬೋರ್ಡಿನ ವಾಯರಿಗೆ ಗರಗರ ತಡಿಯೋ ಫಿಲ್ಟರ್ ಹಾಕಿದ್ರ ಆತು."

"ಮತ್ತ ಹಾಕ್ರಲಾ!"

"ಫಿಲ್ಟರ್ ಅಂಗಡ್ಯಾಗ ಐತ್ರಿ."

ನೇಮಿನಾಥ ತಾವೇ ಹೋಗಿ ಸೀಲು ಒಡೆದರು. ಕಡತದಲ್ಲಿ 'ಹೆಚ್ಚಿನ ತನಿಖೆಗಾಗಿ ಅಂಗಡಿ ತೆರೆಯಲಾಗಿದೆ' ಎಂದು ಬರೆದರು.

ತನಿಖೆ ಇನ್ನೂ ಮುಗಿದಿಲ್ಲ. ಅದಕ್ಕಾಗಿ ಯಾಕೂಬ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ತೆರೆಯುತ್ತಾರೆ.