ಅಜ್ಜಿಯ ವಾಲ್ವು ಮತ್ತು ನನ್ನ ಅಂಬಾ

ಅಂದು ದನದಂತೆ ಕೂಗಿದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಇವತ್ತು ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಗೇಟಿನ ಮುಂದೆ ಹಸುವೊಂದು ನಿಂತು ಅಂಬಾ ಎಂದಿತು. ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತದೆ "ಸಾಕು, ಸುಮ್ಕಿರೋ" ಎಂದು ನನ್ನನ್ನು ಗದರಿದರು. ನಾನಾದರೋ ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ನಿಂತಿದ್ದೆ. ಕಲಾವಿದನಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೇ?

ಯಾರ ದನಿಯನ್ನಾದರೂ ಅಣಕಿಸುವುದು ನನ್ನ ಚಟ; ನೀವು ನಮ್ಮ ಮನೆಗೆ ಬಂದರೆ ನಿಮ್ಮನ್ನೂ ಬಿಡುವವನಲ್ಲ. ನೀವು ಚಪ್ಪಲಿ ಬಿಡುವುದರೊಳಗೆ ನಿಮ್ಮ ಕೆಮ್ಮು ನನ್ನ ಗಂಟಲಿಗೆ ಬಂದಿರುತ್ತದೆ. ಎರಡು ವರ್ಷದ ಹಿಂದೆ ಅಜ್ಜಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿ, ಹೃದಯದ ವಾಲ್ವು ಬದಲಿಸಲೇಬೇಕೆಂದು ಗೊತ್ತಾದಾಗಲೂ ನಾನು ಮೊದಲು ಕಲಿತದ್ದು ಡಾಕ್ಟರ ದನಿಯನ್ನೇ. ಅಜ್ಜಿಯನ್ನು ಹೊರಗೆ ಕೂರಿಸಿ ಅವರು ನಮಗೆ ವಿವರಿಸಿದರು. ಲೋಹದ ವಾಲ್ವು ಬಹುಕಾಲ ಬಾಳುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ಬದುಕಿರುವತನಕ ಮಾತ್ರೆ, ಆಗಾಗ ರಕ್ತಪರೀಕ್ಷೆ, ಸೊಪ್ಪು ಹೆಚ್ಚಾದರೆ ಮಾತ್ರೆಯ ಬಲ ಕುಂದುವುದರಿಂದ ಅದನ್ನು ತಿನ್ನುವುದರಲ್ಲೂ ದಿನಾ ಒಂದೇ ಅಳತೆ. ಇನ್ನೊಂದು ದನದ ಹೃದಯದ ಪೊರೆಯಿಂದ ಮಾಡಿದ್ದು. ಅದಕ್ಕೆ ಆ ಮಾತ್ರೆಯ ಕಾಟ ಸಾಮಾನ್ಯವಾಗಿ ಕೆಲವೇ ತಿಂಗಳು. ಆದರೆ ವರ್ಷಗಳು ಕಳೆದಂತೆ ಸವೆಯುತ್ತದೆ, ಮತ್ತೆ ಬದಲಿಸಬೇಕಾಗಬಹುದು. ಅಜ್ಜಿಗಾಗ ಅರವತ್ತೇಳು. "ಈ ವಯಸ್ಸಲ್ಲಿ ಎರಡೂ ನಡಿಯತ್ತೆ. ನೀವೇ ಯೋಚ್ನೆ ಮಾಡಿ ಹೇಳಿ" ಎಂದುಬಿಟ್ಟರು.

ಹಾಗೆ ಹೇಳಬಾರದಿತ್ತು. ದರ್ಶಿನಿಯಲ್ಲಿ ಮಸಾಲೆ ದೋಸೆಯೋ ಖಾಲಿ ದೋಸೆಯೋ ಎಂದು ತೀರ್ಮಾನಿಸಲಾಗದೆ ಹಿಂದಿನವರನ್ನು ಮುಂದೆ ಬಿಡುವ ವಂಶ ನಮ್ಮದು. ಚಂದ್ರಾ ಲೇಔಟ್‌ನಲ್ಲಿ ನಲ್ಲಿ, ಪೈಪುಗಳ ಅಂಗಡಿ ಇಟ್ಟಿರುವ ಚಿಕ್ಕಪ್ಪ ಲೋಹದ ಪರ. ಮಾಲು ಗಟ್ಟಿ ಇರಬೇಕಂತೆ. ಅಪ್ಪ ಬೆಳಿಗ್ಗೆ ಲೋಹ, ಸಂಜೆ ಪೊರೆ. ನಾನು ಯಾರ ದನಿಯಲ್ಲಿ ಮಾತಾಡುತ್ತಿದ್ದೆನೋ ಅವರ ಪಕ್ಷ. ನನ್ನ ಸ್ವಂತ ದನಿಯಲ್ಲಿ ಕೇಳಿಕೊಂಡರೆ ಏನೂ ತೋಚುತ್ತಿರಲಿಲ್ಲ.

ಸೊಪ್ಪಿಲ್ಲದೆ ಅನ್ನ ಇಳಿಯದ, ಮಾತ್ರೆಯನ್ನು ಮರೆತೇ ಬದುಕಿರುವ ಅಜ್ಜಿಗೆ ಪೊರೆಯದೇ ಸರಿ ಎಂಬಲ್ಲಿಗೆ ಕೊನೆಗೂ ಬಂದು ನಿಂತೆವು. ನಿಂತ ಮೇಲೆ ಹೊಸ ಗೊಂದಲ. ದಾವಣಗೆರೆ ಕಡೆಯ ನಮ್ಮಜ್ಜಿ ಮೊಟ್ಟೆ ಹಾಕಿದ ಕೇಕು ಕತ್ತರಿಸಿದ ಚಾಕುವನ್ನೂ ಮುಟ್ಟುವವರಲ್ಲ. ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ನೀರನ್ನೂ ಕುಡಿಯುವುದಿಲ್ಲ. ಆ ಲಿಂಗದ ಹಿಂದೆ, ಎದೆಯೊಳಗೆ, ದನದ ಪೊರೆಯೇ? ತಿಳಿದರೆ ಆಪರೇಷನ್ನೇ ಬೇಡ ಎಂದುಬಿಡುತ್ತಾರೆ. ಬೇಡವೆಂದರೆ ಅಜ್ಜಿ ನಮಗೆ ಉಳಿಯುವುದಿಲ್ಲ. 'ಹೊಸ ತರದ ವಾಲ್ವು' ಎಂದಷ್ಟೇ ಹೇಳುವುದೆಂದು ಅಪ್ಪ ಎಲ್ಲರಿಂದ ಮಾತು ತೆಗೆದುಕೊಂಡರು.

ಮರುದಿನ ತಿಂಡಿಯ ಹೊತ್ತಿಗೆ ಬಂದ ಚಿಕ್ಕಪ್ಪ, ಅದು ಬಹಳ ಮೆತ್ತಗಿನ ಮೆಟೀರಿಯಲ್ಲು ಎಂದು ಉಪ್ಪಿಟ್ಟು ತಿನ್ನುತ್ತಾ ವಿವರಿಸತೊಡಗಿದರು. ಯಾವುದರಿಂದ ಮಾಡಿದ್ದು ಎಂದು ಅಜ್ಜಿ ಕೇಳಿದರು. ಚಿಕ್ಕಪ್ಪ ಕೆಮ್ಮಿದರು. ಅಪ್ಪ ಚಟ್ನಿ ಕೇಳಿದರು. ಅಷ್ಟರಲ್ಲಿ ನನ್ನ ಗಂಟಲು ತನ್ನಷ್ಟಕ್ಕೆ ತಾನೇ ಅಂಬಾ ಎಂದಿತು.

ಯಾರೂ ನಗಲಿಲ್ಲ. ಅಜ್ಜಿಯ ಕೈ ಕರಡಿಗೆಗೆ ಹೋಯಿತು. ಬೆಳಗಿನ ಪೂಜೆ ಮುಗಿದಿದ್ದರೂ ಎದ್ದು ದೇವರಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಒಬ್ಬ ಮುದುಕಿಯನ್ನು ಬಾಯಿಚಪಲಕ್ಕೆ ಕೊಂದೆನೇ ಅಥವಾ ಸುಳ್ಳಿನಿಂದ ಉಳಿಸಿದೆನೇ, ಒಂದೂ ಅರ್ಥವಾಗದೆ ತಟ್ಟೆಯಲ್ಲಿದ್ದ ಸಾಸಿವೆ ಕಾಳುಗಳನ್ನು ಒಂದೆಡೆ ಸೇರಿಸುತ್ತಾ ಕೂತೆ. ಅಪ್ಪ ನನ್ನತ್ತ ನೋಡಿದ ನೋಟವನ್ನು ಇಂದಿಗೂ ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

ಈಗ ಅಜ್ಜಿ ಸೊಪ್ಪಿನ ದಂಟು ಹಿಡಿದು, ಏದುಸಿರಿಲ್ಲದೆ ಮೆಟ್ಟಿಲಿಳಿದು ಆ ಹಸುವಿನತ್ತ ಹೋಗುತ್ತಿದ್ದಾರೆ. ಅಂದು ಬಾಗಿಲು ತೆರೆದು ಹೊರಬಂದು ಅವರಾಡಿದ ಮಾತನ್ನು ಅವರಂತೆಯೇ ಹೇಳಲು ಕನ್ನಡಿಯ ಮುಂದೆ ಈಗಷ್ಟೇ ಯತ್ನಿಸಿದೆ. ಎಲ್ಲರ ದನಿ ಬರುವ ನನಗೆ ಅದೊಂದು ಬರಲಿಲ್ಲ. ಹಾಗಾಗಿ ಮಾತನ್ನಷ್ಟೇ ಕೊಡುತ್ತೇನೆ:

"ಲಿಂಗ ಇದ್ದಲ್ಲಿ ಎದುರಿಗೆ ಒಬ್ಬ ಬಸವಣ್ಣ ಕೂತಿರಬೇಕಲ್ಲೇನ್ರೋ? ನಂದು ಇಷ್ಟು ದಿನ ಬರೀ ಲಿಂಗ ಇತ್ತು. ಡಾಕ್ಟ್ರಿಗೆ ಫೋನ್ ಹಚ್ರಿ."