ಡಾಕ್‌ಲ್ಯಾಂಡ್ಸ್ ಗಾಳಿಯ ಸಂಡಿಗೆ

ಗೆಳೆಯರೇ, ಹೊಟ್ಟೆಯುರಿ ಆರುವ ಮೊದಲೇ ಬರೆದುಬಿಡುತ್ತೇನೆ. ಇವತ್ತು ಮಧ್ಯಾಹ್ನ ಗೆಳತಿ ಸುಮನಾಳ ಹೊಸ ಅಪಾರ್ಟ್‌ಮೆಂಟಿನಲ್ಲಿ ಊಟ. ಮೆಲ್ಬರ್ನಿನ ಹಳೇ ಹಡಗುಕಟ್ಟೆಯ ಜಾಗವಾದ ಡಾಕ್‌ಲ್ಯಾಂಡ್ಸ್‌ನಲ್ಲಿ ಎದ್ದಿರುವ ಗಾಜಿನ ಕಟ್ಟಡ. ಅವಳ ಸೋಫಾದಲ್ಲಿ ಕೂತರೆ ನೀರು, ಬಿಳಿ ದೋಣಿಗಳು. ಊರಂಚಿನ ಡ್ಯಾಂಡಿನಾಂಗ್ ಬಡಾವಣೆಯ ನಮ್ಮ ಸೋಫಾದಿಂದ ಕಾಣುವುದು ಟೈರ್ ಗೋದಾಮು.

ನೋಡಿದ್ದು ಸಾಕೆಂದು ತಟ್ಟೆಯ ಕಡೆ ತಿರುಗಿದರೆ ಸಬ್ಬಕ್ಕಿ ಸಂಡಿಗೆ ಬಂತು. ಗುರುತು ಹಿಡಿದೆ. ಹೋದ ತಿಂಗಳು ಅವಳು ಬಾಲ್ಕನಿಯಲ್ಲಿ ಇಟ್ಟಿದ್ದ ಸಂಡಿಗೆ ಗಾಳಿಗೆ ಪ್ಲಾಸ್ಟಿಕ್ ಶೀಟ್ ಸಮೇತ ಹಾರಿ ನೀರಿಗೆ ಬಿದ್ದಿತ್ತು. "ನಿಮ್ಮ ಬ್ಯಾಕ್‌ಯಾರ್ಡಲ್ಲಿ ಒಣಗಿಸ್ಕೊಡ್ತೀಯೇನೇ?" ಎಂದು ಹೊಸದಾಗಿ ಹಿಟ್ಟು ಮಾಡಿ ತಂದುಕೊಟ್ಟಿದ್ದಳು. ಎರಡು ದಿನ ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಮೈನಾ ಹಕ್ಕಿಗಳನ್ನು ಓಡಿಸಿದವಳು ನಾನು.

ಊಟಕ್ಕೆ ಬಂದಿದ್ದ ಆಂಟಿಯೊಬ್ಬರು ಕಚ್ಚಿ ನೋಡಿ, "ಎಷ್ಟು ಗರಿಗರಿಯಾಗಿದೆ ಸುಮನಾ, ಇಲ್ಲೇ ಒಣಗಿಸಿದ್ದಾ?" ಎಂದರು.

ಸುಮನಾ ನನ್ನ ಕಡೆ ನೋಡಲಿಲ್ಲ. "ಇಲ್ಲಿ ಗಾಳಿ ತುಂಬಾ ಚೆನ್ನಾಗಿ ಬರುತ್ತೆ ಆಂಟಿ," ಎಂದಳು.

"ಮತ್ತೆ, ನೀರಿನ ಮೇಲಿನ ಗಾಳಿ ಅಲ್ವಾ. ನಮ್ಮ ಸಬರ್ಬ್‌ಗಳಲ್ಲಿ ಒಣಗಿಸಿದ್ರೆ ಈ ರುಚಿ ಎಲ್ಲಿ ಬರ್ಬೇಕು," ಎಂದು ಆಂಟಿ ನನ್ನ ತಟ್ಟೆಗೂ ಒಂದು ಹಾಕಿದರು.

ತಿಂದೆ. ನಮ್ಮ ಹಿತ್ತಲಲ್ಲಿ ಎರಡೇ ದಿನ ಒಣಗಿದ ಸಂಡಿಗೆಗೆ ವಾಟರ್‌ಫ್ರಂಟ್ ವಿಳಾಸ ಸಿಕ್ಕಿಬಿಟ್ಟಿತು. ಏಳು ವರ್ಷದಿಂದ ಅಲ್ಲೇ ಒಣಗುತ್ತಿರುವ ನನಗೆ ಇನ್ನೂ ಸಿಕ್ಕಿಲ್ಲ.